ಮುಟ್ಟು ನಿಂತ ಮೇಲೆ: ಒಂದು ಮಾತ್ರೆಯ ಏಳುಬೀಳು

(ಉಪನ್ಯಾಸದ ಬರಹರೂಪ)



ಹೆಣ್ಣಿನ ಮೈಯಲ್ಲಿ ಆಗುವ ಬದಲಾವಣೆಗಳಿಗೆ ಕನ್ನಡನಾಡಿನಲ್ಲಿ ಒಂದೊಂದು ಶಾಸ್ತ್ರವಿದೆ. ಹುಡುಗಿ ಮೈನೆರೆದರೆ ಆರತಿ ಎತ್ತಿ, ಎಳ್ಳು ಬೆಲ್ಲದ ಚಿಗಳಿ ತಿನ್ನಿಸಿ, ಹಾಡು ಹೇಳುತ್ತಾರೆ. ಬಸುರಿಯಾದರೆ ಒಂದು ಸೀಮೆಯಲ್ಲಿ ಸೀಮಂತ, ಇನ್ನೊಂದು ಸೀಮೆಯಲ್ಲಿ ಕುಬುಸ. ಹೆತ್ತ ಮೇಲೆ ಬಾಣಂತನ. ಅಂಟಿನುಂಡೆ, ಎಣ್ಣೆನೀರು, ಹೊಗೆ, ಬೆಚ್ಚನೆಯ ಕೋಣೆ. ಆದರೆ ನಲವತ್ತೈದು, ಐವತ್ತರ ಆಸುಪಾಸಿನಲ್ಲಿ ಮುಟ್ಟು ನಿಂತಾಗ ಶಾಸ್ತ್ರವೂ ಇಲ್ಲ, ಹಾಡೂ ಇಲ್ಲ, ತಿಂಡಿಯೂ ಇಲ್ಲ. 'ನಿಂತುಹೋಯಿತು' ಎಂಬ ಒಂದೇ ಮಾತು, ಅದೂ ಅಕ್ಕತಂಗಿಯರ ನಡುವೆ ತಗ್ಗಿದ ದನಿಯಲ್ಲಿ.

ಈ ಸಂಗತಿ ಹಿಂದಿನವರಿಗೆ ತಿಳಿದಿರಲಿಲ್ಲವೆಂದಲ್ಲ. ಮುಟ್ಟು ಹನ್ನೆರಡನೆಯ ವಯಸ್ಸಿನ ಸುಮಾರಿಗೆ ಆರಂಭವಾಗಿ ಐವತ್ತರ ಸುಮಾರಿಗೆ ಮುಗಿಯುತ್ತದೆ ಎಂಬ ಲೆಕ್ಕ ಸುಶ್ರುತ ಸಂಹಿತೆಯಲ್ಲಿಯೇ ಇದೆ. ಕನ್ನಡದಲ್ಲಿ ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ ಅವರು ಹೆಣ್ಣಿನ ದೇಹದ ವಿಷಯವನ್ನು ಸಂಕೋಚವಿಲ್ಲದೆ, ಮನೆಮಂದಿ ಓದುವ ಭಾಷೆಯಲ್ಲಿ ಬರೆದರು. ಆದರೂ ಈ ಘಟ್ಟದ ಬಗ್ಗೆ ಮನೆಯೊಳಗಿನ ಮೌನ ಪೂರ್ತಿ ಕರಗಿಲ್ಲ.

ಅಮೆರಿಕ ಮತ್ತು ಯೂರೋಪಿನಲ್ಲಿ ಇಪ್ಪತ್ತನೆಯ ಶತಮಾನದ ನಡುವಿನಿಂದ ಈ ಮೌನದ ಜಾಗಕ್ಕೆ ಒಂದು ಮಾತ್ರೆ ಬಂದು ಕುಳಿತಿತು. ಅದರ ಚಿಕಿತ್ಸೆಗೆ ಹಾರ್ಮೋನು ಮರುಪೂರಣ ಚಿಕಿತ್ಸೆ ಎಂದು ಹೆಸರು, ರೂಢಿಯಲ್ಲಿ ಎಚ್‌ಆರ್‌ಟಿ. ಆ ಮಾತ್ರೆಯನ್ನು ಒಮ್ಮೆ ಯೌವನದ ಅಮೃತವೆಂದು ಹೊಗಳಲಾಯಿತು, ಮತ್ತೊಮ್ಮೆ ವಿಷವೆಂದು ಬಿಸಾಡಲಾಯಿತು. ಎರಡು ಸಲವೂ ನಿಜವಾದ ತೊಂದರೆ ಅನುಭವಿಸುತ್ತಿದ್ದ ಹೆಂಗಸಿನ ಮಾತು ಹಿಂದೆ ಬಿತ್ತು. ಈ ಏಳುಬೀಳಿನ ಕಥೆಯೇ ಇಂದಿನ ವಿಷಯ.

ಮೈಯೊಳಗೆ ನಡೆಯುವುದೇನು

ಹೆಣ್ಣುಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಹೊಸದು ಸೇರುವುದಿಲ್ಲ, ಇದ್ದದ್ದು ಕರಗುತ್ತ ಹೋಗುತ್ತದೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಜೀವಮಾನದಲ್ಲಿ ಬಲಿತು ಹೊರಬರುವುದು ಸುಮಾರು ನಾನೂರು ಮಾತ್ರ. ದಾಸ್ತಾನು ಮುಗಿಯುತ್ತ ಬಂದಂತೆ ಅಂಡಾಶಯವು ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿರೋನ್ ಎಂಬ ಎರಡು ಹಾರ್ಮೋನುಗಳ ಉತ್ಪಾದನೆಯನ್ನು ತಗ್ಗಿಸುತ್ತದೆ. ಮುಟ್ಟು ಒಮ್ಮೆ ಬೇಗ, ಒಮ್ಮೆ ತಡ, ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಆಗಿ ಕೊನೆಗೆ ನಿಲ್ಲುತ್ತದೆ. ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಅದನ್ನು ಋತುಬಂಧವೆಂದು ವೈದ್ಯರು ಲೆಕ್ಕ ಹಾಕುತ್ತಾರೆ.

ಈಸ್ಟ್ರೋಜೆನ್ ಗರ್ಭಕೋಶಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಮೂಳೆ, ರಕ್ತನಾಳ, ಚರ್ಮ, ಮೂತ್ರಕೋಶ, ಮಿದುಳು ಎಲ್ಲವೂ ಅದರ ಸಂದೇಶ ಕೇಳುವ ಅಂಗಗಳು. ಹಾಗಾಗಿ ಅದು ತಗ್ಗಿದಾಗ ತೊಂದರೆಯೂ ಹತ್ತು ಕಡೆ ಕಾಣುತ್ತದೆ. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಝಳ ಏರುವುದು, ಮೈಯೆಲ್ಲ ಬೆವರುವುದು, ರಾತ್ರಿ ಸೀರೆ ಹಾಸಿಗೆ ಒದ್ದೆಯಾಗಿ ನಿದ್ದೆಗೆಡುವುದು, ಕೀಲುನೋವು, ಕಾರಣವಿಲ್ಲದ ಸಿಡುಕು, ಮರೆವು, ಜನನಾಂಗದ ಒಣಗುವಿಕೆ, ಮತ್ತೆ ಮತ್ತೆ ಬರುವ ಉರಿಮೂತ್ರ. ಮೊದಲ ಕೆಲವು ವರ್ಷಗಳಲ್ಲಿ ಮೂಳೆ ಸವೆಯುವ ವೇಗವೂ ಹೆಚ್ಚು. ಅದು ನೋವಿಲ್ಲದೆ ನಡೆಯುವ ಕೆಲಸವಾದ್ದರಿಂದ ಬಿದ್ದು ಸೊಂಟವೋ ಮಣಿಕಟ್ಟೋ ಮುರಿದಾಗಲೇ ತಿಳಿಯುತ್ತದೆ.

ಝಳದ ಮೂಲ ಮಿದುಳಿನಲ್ಲಿದೆ. ಅಲ್ಲಿನ ಹೈಪೊಥಲಾಮಸ್ ಎಂಬ ಭಾಗವು ದೇಹದ ಶಾಖವನ್ನು ಹದದಲ್ಲಿಡುತ್ತದೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಹೆಚ್ಚಾದಾಗ ವಿದ್ಯುತ್ತನ್ನು ಕಡಿಯುವ ಥರ್ಮೋಸ್ಟಾಟ್ ಇದೆಯಲ್ಲ, ಅಂಥದ್ದೇ ವ್ಯವಸ್ಥೆ. ಈಸ್ಟ್ರೋಜೆನ್ ತಗ್ಗಿದಾಗ ಇದು ಅತಿ ಸೂಕ್ಷ್ಮವಾಗುತ್ತದೆ. ಮೈಶಾಖ ಕೂದಲೆಳೆಯಷ್ಟು ಏರಿದರೂ ಸಾಕು, ಸೆಕೆಯಾಯಿತೆಂದು ತಿಳಿದು ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಇದು ಮನಸ್ಸಿನ ಕಲ್ಪನೆಯಲ್ಲ, ನಖರವೂ ಅಲ್ಲ. ಅಮೆರಿಕದಲ್ಲಿ ಸಾವಿರಾರು ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪದೇ ಪದೇ ಝಳ ಬರುವವರಲ್ಲಿ ಅರ್ಧದಷ್ಟು ಮಂದಿಗೆ ಅದು ಏಳು ವರ್ಷಕ್ಕಿಂತ ಹೆಚ್ಚು ಕಾಲ ಕಾಡುತ್ತದೆ. ಹಾಗೆಯೇ ಏನೂ ತೊಂದರೆಯಿಲ್ಲದೆ ಈ ಘಟ್ಟ ದಾಟುವವರೂ ಇದ್ದಾರೆ.

ಕುದುರೆಯಿಂದ ಬಂದ ಮಾತ್ರೆ

ಈ ಘಟ್ಟಕ್ಕೆ ಯೂರೋಪಿನಲ್ಲಿ ವೈದ್ಯಕೀಯ ಹೆಸರಿಟ್ಟವನು ಫ್ರಾನ್ಸಿನ ವೈದ್ಯ ಗಾರ್ಡಾನ್. 1821ರಲ್ಲಿ ಅವನು ಗ್ರೀಕ್ ಭಾಷೆಯ 'ತಿಂಗಳು' ಮತ್ತು 'ನಿಲುಗಡೆ' ಎಂಬ ಪದಗಳನ್ನು ಕೂಡಿಸಿ 'ಮೆನೋಪಾಸ್' ಎಂದು ಕರೆದ. ಕಾರಣ ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವು ವೈದ್ಯರು ಪ್ರಾಣಿಗಳ ಅಂಡಾಶಯವನ್ನು ಒಣಗಿಸಿ, ಅರೆದು ರೋಗಿಗಳಿಗೆ ಕೊಟ್ಟು ನೋಡಿದರು. 'ಹಾರ್ಮೋನು' ಎಂಬ ಶಬ್ದವನ್ನು ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಅಮೆರಿಕದ ಎಡ್ಗರ್ ಆಲೆನ್ ಮತ್ತು ಎಡ್ವರ್ಡ್ ಡೋಯ್ಸಿ 1923ರಲ್ಲಿ ಅಂಡಾಶಯದ ಹಾರ್ಮೋನಿನ ಇರುವಿಕೆಯನ್ನು ಪ್ರಯೋಗದಿಂದ ತೋರಿಸಿದರು. 1929ರಲ್ಲಿ ಡೋಯ್ಸಿ ಅಮೆರಿಕದಲ್ಲಿಯೂ ಅಡಾಲ್ಫ್ ಬ್ಯುಟೆನಾಂಟ್ ಜರ್ಮನಿಯಲ್ಲಿಯೂ ಬೇರೆ ಬೇರೆಯಾಗಿ ಈಸ್ಟ್ರೋಜೆನ್ ಬಗೆಯ ಒಂದು ಹಾರ್ಮೋನನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದರು.

ಅದನ್ನು ಎಲ್ಲರ ಕೈಗೆಟುಕುವಂತೆ ತಯಾರಿಸುವುದು ಮುಂದಿನ ಸಮಸ್ಯೆ. ಕೆನಡಾದ ಮಾಂಟ್ರಿಯಲ್‌ನ ಒಂದು ಕಂಪನಿ ಮೊದಲು ಗರ್ಭಿಣಿಯರ ಮೂತ್ರದಿಂದ ಔಷಧ ತೆಗೆಯಿತು, ಅದು ದುಬಾರಿಯಾಯಿತು. ಗಬ್ಬದ ಕುದುರೆಯ ಮೂತ್ರದಲ್ಲಿ ಈಸ್ಟ್ರೋಜೆನ್ ಧಾರಾಳವಾಗಿದೆ ಎಂದು ತಿಳಿದ ಮೇಲೆ ದಾರಿ ಸುಗಮವಾಯಿತು. 1941ರಲ್ಲಿ ಕೆನಡಾದಲ್ಲಿ, ಮರುವರ್ಷ ಅಮೆರಿಕದಲ್ಲಿ ಆ ಮಾತ್ರೆ ಮಾರಾಟಕ್ಕೆ ಬಂತು. ಹೆಸರು 'ಪ್ರೆಮರಿನ್'. ಗಬ್ಬದ ಕುದುರೆಯ ಮೂತ್ರ ಎಂಬುದರ ಇಂಗ್ಲಿಷ್ ಪದಗಳ ತುಣುಕುಗಳನ್ನೇ ಜೋಡಿಸಿ ಇಟ್ಟ ಹೆಸರಿದು. ನುಂಗುವವರಲ್ಲಿ ಬಹುಮಂದಿಗೆ ಅದರ ಅರ್ಥ ಗೊತ್ತಿರಲಿಲ್ಲ.

ಮಾತ್ರೆ ಕೆಲಸ ಮಾಡಿತು ಎಂಬುದನ್ನು ಮರೆಯಬಾರದು. ಝಳ, ಬೆವರು, ನಿದ್ದೆಗೇಡಿಗೆ ಈಸ್ಟ್ರೋಜೆನ್‌ನಷ್ಟು ಪರಿಣಾಮಕಾರಿಯಾದ ಔಷಧ ಇಂದಿಗೂ ಇನ್ನೊಂದಿಲ್ಲ. ತೊಡಕು ಹುಟ್ಟಿದ್ದು ಮಾತ್ರೆಗೆ ಅದು ಮಾಡಲಾರದ ಕೆಲಸಗಳನ್ನು ಹೊರಿಸಿದಾಗ.

'ಕೊರತೆಯ ಕಾಯಿಲೆ'

1966ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ವೈದ್ಯ ರಾಬರ್ಟ್ ವಿಲ್ಸನ್ 'ಫೆಮಿನಿನ್ ಫಾರೆವರ್' ಎಂಬ ಪುಸ್ತಕ ಬರೆದ. ಹೆಣ್ಣು ಸದಾ ಹೆಣ್ಣಾಗಿಯೇ ಉಳಿಯಬಹುದು ಎಂಬುದು ಆ ಹೆಸರಿನ ಭಾವ. ಋತುಬಂಧ ಸಹಜ ಘಟ್ಟವಲ್ಲ, ಹಾರ್ಮೋನಿನ ಕೊರತೆಯಿಂದ ಬರುವ ಕಾಯಿಲೆ ಎಂದು ಅವನು ವಾದಿಸಿದ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಳ್ಳುವಂತೆ ಹೆಂಗಸರು ಜೀವನಪೂರ್ತಿ ಈಸ್ಟ್ರೋಜೆನ್ ತೆಗೆದುಕೊಳ್ಳಬೇಕು ಎಂದ. ಪುಸ್ತಕದ ತುಂಬ ಗಂಡನ ದೃಷ್ಟಿಯಿದೆ. ಸಿಡುಕುವ ಹೆಂಡತಿ, ಬತ್ತಿದ ಚೆಲುವು, ಹಾಳಾದ ಸಂಸಾರ, ಇವಕ್ಕೆಲ್ಲ ಮಾತ್ರೆಯೇ ಮದ್ದು. ಏಳು ತಿಂಗಳಲ್ಲಿ ಒಂದು ಲಕ್ಷ ಪ್ರತಿಗಳು ಮಾರಾಟವಾದವು. ಆ ಪುಸ್ತಕದ ಖರ್ಚನ್ನು ಪ್ರೆಮರಿನ್ ತಯಾರಿಸುತ್ತಿದ್ದ ಕಂಪನಿಯೇ ಭರಿಸಿತ್ತೆಂದು ವಿಲ್ಸನ್‌ನ ಮಗನೇ 2002ರಲ್ಲಿ ಪತ್ರಿಕೆಗೆ ಹೇಳಿದ.

ಮೊದಲ ಪೆಟ್ಟು ಬಿದ್ದದ್ದು 1975ರ ಡಿಸೆಂಬರಿನಲ್ಲಿ. ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಬಂದವು. ಈಸ್ಟ್ರೋಜೆನ್ ತೆಗೆದುಕೊಂಡವರಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಂಭವ ಒಂದು ಅಧ್ಯಯನದಲ್ಲಿ ನಾಲ್ಕೂವರೆ ಪಟ್ಟು, ಇನ್ನೊಂದರಲ್ಲಿ ಏಳೂವರೆ ಪಟ್ಟು ಹೆಚ್ಚಿತ್ತು. ಕಾರಣ ಸರಳ. ಈಸ್ಟ್ರೋಜೆನ್ ಆ ಪದರವನ್ನು ಬೆಳೆಸುತ್ತದೆ. ಸಹಜ ಋತುಚಕ್ರದಲ್ಲಿ ಪ್ರೊಜೆಸ್ಟಿರೋನ್ ಅದಕ್ಕೆ ಕಡಿವಾಣ ಹಾಕುತ್ತದೆ. ಮಾತ್ರೆಯಲ್ಲಿ ಕಡಿವಾಣವಿರಲಿಲ್ಲ. ಮುಂದೆ ಪ್ರೊಜೆಸ್ಟಿರೋನ್ ಬಗೆಯ ಔಷಧವನ್ನೂ ಜೊತೆಗೆ ಕೊಡುವ ಪದ್ಧತಿ ಬಂತು, ಈ ಅಪಾಯ ತಗ್ಗಿತು. ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜೆನ್ ಒಂದೇ, ಗರ್ಭಕೋಶ ಇರುವವರಿಗೆ ಎರಡೂ ಎಂಬ ನಿಯಮ ಅಂದಿನಿಂದ ಉಳಿದಿದೆ.

ಹೃದಯದ ಭರವಸೆ

ಬಿದ್ದ ಮಾತ್ರೆ 1980ರ ದಶಕದಲ್ಲಿ ಮತ್ತೆ ಎದ್ದಿತು. ಈ ಸಲ ಚೆಲುವಿನ ಮಾತಿಲ್ಲ, ಆರೋಗ್ಯದ ಮಾತು. ಮೂಳೆ ಸವೆತವನ್ನು ಅದು ತಡೆಯುತ್ತದೆ ಎಂಬುದು ದೃಢಪಟ್ಟಿತು. ಜೊತೆಗೆ ಹೃದಯವನ್ನೂ ಕಾಯುತ್ತದೆ ಎಂಬ ನಂಬಿಕೆ ಬೆಳೆಯಿತು. ಅಮೆರಿಕದಲ್ಲಿ 1976ರಿಂದ ದಾದಿಯರ ಆರೋಗ್ಯವನ್ನು ದಾಖಲಿಸುತ್ತ ಬಂದ ಒಂದು ದೊಡ್ಡ ಅಧ್ಯಯನ 1991ರಲ್ಲಿ ನೀಡಿದ ವರದಿಯಂತೆ, ಹಾರ್ಮೋನು ತೆಗೆದುಕೊಳ್ಳುವವರಲ್ಲಿ ಹೃದ್ರೋಗ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಝಳವಿರಲಿ ಇಲ್ಲದಿರಲಿ, ಐವತ್ತು ದಾಟಿದವರೆಲ್ಲ ಮಾತ್ರೆ ನುಂಗುವುದು ಒಳ್ಳೆಯದು ಎಂಬ ಸಲಹೆ ವೈದ್ಯರ ಬಾಯಲ್ಲಿ ಸಾಮಾನ್ಯವಾಯಿತು. 1992ರ ಹೊತ್ತಿಗೆ ಪ್ರೆಮರಿನ್ ಅಮೆರಿಕದಲ್ಲಿ ಅತಿ ಹೆಚ್ಚು ಚೀಟಿ ಬರೆಸಿಕೊಂಡ ಔಷಧವಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ಮಾತ್ರೆ ತೆಗೆದುಕೊಂಡವರು ಸಾಮಾನ್ಯವಾಗಿ ಓದಿದವರು, ಅನುಕೂಲಸ್ಥರು, ವೈದ್ಯರ ಬಳಿ ತಪ್ಪದೆ ಹೋಗುವವರು, ಸಿಗರೇಟು ಕಡಿಮೆ ಸೇದುವವರು. ಅವರ ಹೃದಯ ಚೆನ್ನಾಗಿದ್ದುದಕ್ಕೆ ಮಾತ್ರೆ ಕಾರಣವೋ ಅನುಕೂಲಸ್ಥ ಬದುಕು ಕಾರಣವೋ ಎಂಬುದು ಬರಿಯ ದಾಖಲೆಯಿಂದ ತೀರ್ಮಾನವಾಗದು. ಅದಕ್ಕೆ ಇರುವುದು ಒಂದೇ ದಾರಿ. ಸಾವಿರಾರು ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಮಾತ್ರೆ, ಇನ್ನೊಂದಕ್ಕೆ ಅದರಂತೆಯೇ ಕಾಣುವ ಹುಸಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಮೊದಲ ಮಹಿಳಾ ಮುಖ್ಯಸ್ಥೆಯಾಗಿ ಬಂದ ಬರ್ನಡೀನ್ ಹೀಲಿ 1991ರಲ್ಲಿ ಅಂಥ ಪ್ರಯೋಗವನ್ನು ಘೋಷಿಸಿದರು. ಅದರ ಹೆಸರು ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್. ಹಾರ್ಮೋನು ಪರೀಕ್ಷೆಗೆ 27,347 ಮಹಿಳೆಯರು ಸೇರಿದರು. ಗರ್ಭಕೋಶವಿದ್ದ 16,608 ಮಂದಿಯಲ್ಲಿ ಒಂದು ಪಾಲಿಗೆ ಎರಡು ಹಾರ್ಮೋನುಗಳ ಜೋಡಿ ಮಾತ್ರೆ. ಗರ್ಭಕೋಶ ತೆಗೆಸಿಕೊಂಡಿದ್ದ 10,739 ಮಂದಿಯಲ್ಲಿ ಒಂದು ಪಾಲಿಗೆ ಈಸ್ಟ್ರೋಜೆನ್ ಮಾತ್ರ. ಉಳಿದವರಿಗೆ ಹುಸಿ ಮಾತ್ರೆ.

2002ರ ಜುಲೈ

ಎಂಟೂವರೆ ವರ್ಷ ನಡೆಯಬೇಕಿದ್ದ ಜೋಡಿ ಮಾತ್ರೆಯ ಪ್ರಯೋಗವನ್ನು ಸರಾಸರಿ ಐದು ವರ್ಷಕ್ಕೇ ನಿಲ್ಲಿಸಲಾಗಿದೆ ಎಂದು 2002ರ ಜುಲೈ 9ರಂದು ಪ್ರಕಟಣೆ ಬಂತು. ಮಾತ್ರೆಯಿಂದ ಹೃದಯಾಘಾತ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಸ್ತನ ಕ್ಯಾನ್ಸರ್ ಶೇಕಡ 26, ಹೃದ್ರೋಗ ಶೇಕಡ 29, ಪಾರ್ಶ್ವವಾಯು ಶೇಕಡ 41ರಷ್ಟು ಅಧಿಕ. ಜಗತ್ತಿನ ಪತ್ರಿಕೆಗಳ ಮುಖಪುಟಗಳಲ್ಲಿ ಈ ಶೇಕಡಗಳು ರಾರಾಜಿಸಿದವು. ಹೆಂಗಸರು ಗಾಬರಿಯಿಂದ ಮಾತ್ರೆಗಳನ್ನು ಕಸದ ಬುಟ್ಟಿಗೆ ಹಾಕಿದರು. ವೈದ್ಯರು ಬರೆಯುವುದನ್ನು ಬಿಟ್ಟರು. ಮರುವರ್ಷ ಬ್ರಿಟನ್ನಿನ ಹತ್ತು ಲಕ್ಷ ಮಹಿಳೆಯರ ಅಧ್ಯಯನವೂ ಸ್ತನ ಕ್ಯಾನ್ಸರಿನ ಎಚ್ಚರಿಕೆ ನೀಡಿತು. 65 ದಾಟಿ ಜೋಡಿ ಮಾತ್ರೆ ತೆಗೆದುಕೊಂಡವರಲ್ಲಿ ಮರೆಗುಳಿತನದ ಕಾಯಿಲೆ ಇಮ್ಮಡಿಯಾಗಿದೆ ಎಂಬ ವರದಿಯೂ 2003ರಲ್ಲಿಯೇ ಬಂತು.

ವಿಜ್ಞಾನಿಗಳು ಸುಳ್ಳು ಹೇಳಿರಲಿಲ್ಲ. ಆದರೆ ಶೇಕಡ ಎಂಬ ಲೆಕ್ಕಕ್ಕೆ ಒಂದು ಗುಣವಿದೆ. ಯಾವುದರ ಶೇಕಡ ಎಂದು ಕೇಳದಿದ್ದರೆ ಅದು ಇಲಿಯನ್ನು ಹುಲಿ ಮಾಡಬಲ್ಲದು.

ಹತ್ತು ಸಾವಿರದಲ್ಲಿ ಎಂಟು

ಅದೇ ವರದಿಯ ಅಂಕಿಗಳನ್ನು ತಲೆ ಎಣಿಸಿ ನೋಡಿ. ಹುಸಿ ಮಾತ್ರೆ ನುಂಗಿದ ಹತ್ತು ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ 30 ಮಂದಿಗೆ ಸ್ತನ ಕ್ಯಾನ್ಸರ್ ಬಂತು. ನಿಜವಾದ ಜೋಡಿ ಮಾತ್ರೆ ನುಂಗಿದ ಹತ್ತು ಸಾವಿರದಲ್ಲಿ 38 ಮಂದಿಗೆ. ಅಂದರೆ ಎಂಟು ಹೆಚ್ಚು. 'ಶೇಕಡ 26' ಎಂದರೆ ಈ ಎಂಟೇ. ಹಾಗೆಯೇ ಹೃದ್ರೋಗ ಏಳು, ಪಾರ್ಶ್ವವಾಯು ಎಂಟು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಎಂಟು ಹೆಚ್ಚು. ಇನ್ನೊಂದು ತಟ್ಟೆಯಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ಆರು, ಸೊಂಟದ ಮೂಳೆ ಮುರಿತ ಐದು ಕಡಿಮೆ. ಸಾವಿನ ಸಂಖ್ಯೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಆಮೇಲೂ ಈ ಮಹಿಳೆಯರನ್ನು ಹಿಂಬಾಲಿಸಿ, ಹದಿನೆಂಟು ವರ್ಷದ ಲೆಕ್ಕವನ್ನು 2017ರಲ್ಲಿ ಪ್ರಕಟಿಸಿದಾಗಲೂ ಒಟ್ಟು ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎರಡನೆಯ ಸಂಗತಿ ವಯಸ್ಸು. ಪ್ರಯೋಗಕ್ಕೆ ಸೇರಿದವರ ಸರಾಸರಿ ವಯಸ್ಸು 63. ಮೂರರಲ್ಲಿ ಎರಡು ಪಾಲು 60 ದಾಟಿದವರು, ಮುಟ್ಟು ನಿಂತು ಹತ್ತಾರು ವರ್ಷ ಕಳೆದವರು. ಪ್ರಯೋಗದ ಉದ್ದೇಶವೇ ಹೃದ್ರೋಗ ತಡೆಯುವುದಾಗಿತ್ತು, ಝಳಕ್ಕೆ ಮದ್ದು ಹುಡುಕುವುದಾಗಿರಲಿಲ್ಲ. ಈಗಾಗಲೇ ಗಡುಸಾಗಿರುವ ರಕ್ತನಾಳಕ್ಕೆ ತಡವಾಗಿ ಹಾರ್ಮೋನು ಕೊಟ್ಟರೆ ಕೆಡುಕು ಮಾಡಬಹುದು. ಮುಟ್ಟು ನಿಂತ ಹೊಸದರಲ್ಲಿ ಕೊಟ್ಟರೆ ಹಾಗಾಗದು ಎಂಬ ಅಭಿಪ್ರಾಯಕ್ಕೆ ನಂತರದ ಸಂಶೋಧನೆಗಳಿಂದ ಬಲ ಬಂತು. ಅರವತ್ತಮೂರರ ಅಜ್ಜಿಯ ಫಲಿತಾಂಶವನ್ನು ನಲವತ್ತೆಂಟರ ಮಗಳಿಗೆ ಹಾಗೆಹಾಗೆಯೇ ಅಂಟಿಸಿದ್ದರಿಂದ, ರಾತ್ರಿಯಿಡೀ ಬೆವರುತ್ತಿದ್ದ ಮಗಳು ಮದ್ದಿಲ್ಲದೆ ಉಳಿದಳು.

ಮೂರನೆಯದು, ಎರಡು ಮಾತ್ರೆಗಳನ್ನು ಒಂದೇ ಎಂದು ಭಾವಿಸಿದ್ದು. ಈಸ್ಟ್ರೋಜೆನ್ ಒಂದನ್ನೇ ಪಡೆದ, ಗರ್ಭಕೋಶವಿಲ್ಲದವರ ಪ್ರಯೋಗ 2004ರವರೆಗೆ ನಡೆಯಿತು. ಅಲ್ಲಿಯೂ ಪಾರ್ಶ್ವವಾಯು ಹೆಚ್ಚಾಯಿತು, ಹತ್ತು ಸಾವಿರಕ್ಕೆ ವರ್ಷಕ್ಕೆ ಹನ್ನೆರಡು. ಆದರೆ ಹೃದ್ರೋಗ ಹೆಚ್ಚಲಿಲ್ಲ. ಸ್ತನ ಕ್ಯಾನ್ಸರ್ ಹೆಚ್ಚುವ ಬದಲು ತುಸು ಕಡಿಮೆಯೇ ಇತ್ತು. 2020ರ ವರದಿಯಲ್ಲಿ ಅದು ಇನ್ನೂ ಸ್ಪಷ್ಟವಾಯಿತು.

ಹಾಗೆಂದು 2002ರ ಎಚ್ಚರಿಕೆ ಬರಿಯ ಗದ್ದಲವಾಗಿರಲಿಲ್ಲ. ಮಾತ್ರೆಯ ಬಳಕೆ ಕುಸಿದ ಮರುವರ್ಷ, 2003ರಲ್ಲಿ, ಅಮೆರಿಕದಲ್ಲಿ ಸ್ತನ ಕ್ಯಾನ್ಸರಿನ ಹೊಸ ಪ್ರಕರಣಗಳು ಶೇಕಡ 7ರಷ್ಟು ಇಳಿದವು. ಜಗತ್ತಿನ ಅನೇಕ ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಲೆಕ್ಕ ಹೀಗಿದೆ. ಶ್ರೀಮಂತ ದೇಶಗಳಲ್ಲಿ ಹಾರ್ಮೋನು ಮುಟ್ಟದ ಸಾವಿರ ಮಹಿಳೆಯರಲ್ಲಿ 50ರಿಂದ 69ರ ವಯಸ್ಸಿನೊಳಗೆ 63 ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಐವತ್ತರಲ್ಲಿ ಆರಂಭಿಸಿ ಐದು ವರ್ಷ ದಿನವೂ ಜೋಡಿ ಹಾರ್ಮೋನು ತೆಗೆದುಕೊಂಡ ಸಾವಿರದಲ್ಲಿ 83 ಮಂದಿಗೆ. ಈಸ್ಟ್ರೋಜೆನ್ ಒಂದನ್ನೇ ತೆಗೆದುಕೊಂಡರೆ 68. ಇಲ್ಲಿ ಈಸ್ಟ್ರೋಜೆನ್ ಒಂದರ ಫಲಿತಾಂಶವು ಅಮೆರಿಕದ ಪ್ರಯೋಗದೊಂದಿಗೆ ಪೂರ್ತಿ ಹೊಂದುವುದಿಲ್ಲ ಎಂಬುದನ್ನೂ ಗಮನಿಸಿ. ತಜ್ಞರ ಚರ್ಚೆ ಮುಗಿದಿಲ್ಲ. ಅಪಾಯ ಚಿಕ್ಕದು, ಆದರೆ ಸೊನ್ನೆಯಲ್ಲ. ಆ ಚಿಕ್ಕ ಅಪಾಯವನ್ನು ಹೊರುವುದು ತಕ್ಕದ್ದೋ ಅಲ್ಲವೋ ಎಂಬುದು ಝಳ ಎಷ್ಟು ಕಾಡುತ್ತಿದೆ ಎಂಬುದರ ಮೇಲೆ ನಿಂತ ಮಾತು. ಅದನ್ನು ತೂಗಬೇಕಾದವಳು ಅನುಭವಿಸುವವಳೇ.

ಇಂದಿನ ನಿಲುವು

ಈಗ ವೈದ್ಯಸಂಘಟನೆಗಳ ನಿಲುವು ನಡುದಾರಿಗೆ ಬಂದಿದೆ. ಹೃದ್ರೋಗವೋ ಮರೆವೋ ಬಾರದಿರಲೆಂದು ಹಾರ್ಮೋನು ಕೊಡುವುದಿಲ್ಲ. ಝಳ, ಬೆವರು, ನಿದ್ದೆಗೇಡು ತೀವ್ರವಾಗಿದ್ದು, ವಯಸ್ಸು ಅರವತ್ತರ ಒಳಗಿದ್ದರೆ ಅಥವಾ ಮುಟ್ಟು ನಿಂತು ಹತ್ತು ವರ್ಷ ಆಗಿರದಿದ್ದರೆ ಬಹುಪಾಲು ಆರೋಗ್ಯವಂತರಿಗೆ ಲಾಭವೇ ಹೆಚ್ಚು ಎನ್ನುತ್ತಾರೆ. ಚರ್ಮಕ್ಕೆ ಅಂಟಿಸುವ ಪಟ್ಟಿ ಅಥವಾ ಹಚ್ಚುವ ಜೆಲ್‌ನಿಂದ ರಕ್ತ ಹೆಪ್ಪುಗಟ್ಟುವ ಸಂಭವ ನುಂಗುವ ಮಾತ್ರೆಗಿಂತ ಕಡಿಮೆ. ಒಣಗುವಿಕೆ, ಉರಿಮೂತ್ರ ಮಾತ್ರ ಇದ್ದರೆ ಆ ಜಾಗಕ್ಕಷ್ಟೆ ಹಚ್ಚುವ ಈಸ್ಟ್ರೋಜೆನ್ ಮುಲಾಮು ಸಾಕು. ಸ್ತನ ಕ್ಯಾನ್ಸರ್ ಆಗಿದ್ದವರು, ರಕ್ತ ಹೆಪ್ಪುಗಟ್ಟಿದ್ದವರು, ಹೃದಯಾಘಾತ ಅಥವಾ ಪಾರ್ಶ್ವವಾಯುವಿಗೆ ಒಳಗಾದವರು, ಯಕೃತ್ತಿನ ತೀವ್ರ ಕಾಯಿಲೆಯವರು, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಸಾಮಾನ್ಯವಾಗಿ ಹಾರ್ಮೋನು ಮಾತ್ರೆ ಕೊಡುವುದಿಲ್ಲ.

2025ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ಎರಡು ದಶಕಗಳಿಂದ ಈ ಔಷಧಗಳ ಜೊತೆಗಿದ್ದ ಕಪ್ಪು ಚೌಕಟ್ಟಿನ ಎಚ್ಚರಿಕೆಯನ್ನು ಬಹುಮಟ್ಟಿಗೆ ತೆಗೆಸುವುದಾಗಿ ಪ್ರಕಟಿಸಿತು. ಗರ್ಭಕೋಶವಿರುವವರು ಈಸ್ಟ್ರೋಜೆನ್ ಒಂದನ್ನೇ ನುಂಗಬಾರದು ಎಂಬ 1975ರ ಪಾಠ ಮಾತ್ರ ಉಳಿದುಕೊಂಡಿತು. ಹಾರ್ಮೋನು ಒಗ್ಗದವರಿಗೆ ಬೇರೆ ದಾರಿಯೂ ತೆರೆದಿದೆ. ಹೈಪೊಥಲಾಮಸ್‌ನಲ್ಲಿ ಝಳ ಎಬ್ಬಿಸುವ ನರಕೋಶಗಳನ್ನೇ ತಣಿಸುವ ಫೆಜೊಲಿನೆಟಾಂಟ್ ಎಂಬ ಮಾತ್ರೆಗೆ 2023ರಲ್ಲಿ ಅಮೆರಿಕ ಅನುಮತಿ ನೀಡಿತು. ಆದರೆ ಯಕೃತ್ತಿಗೆ ಹಾನಿಯಾಗಬಹುದೆಂಬ ಎಚ್ಚರಿಕೆ ಮರುವರ್ಷವೇ ಅದಕ್ಕೂ ಅಂಟಿಕೊಂಡಿತು.

ಎಲ್ಲ ನಾಡಿನಲ್ಲೂ ಒಂದೇ ಅಲ್ಲ

ಇಷ್ಟೂ ಲೆಕ್ಕ ಪಶ್ಚಿಮದ ಹೆಂಗಸರದು. ಅದನ್ನು ಬೇರೆ ನಾಡಿಗೆ ಹೊಂದಿಸುವ ಮುನ್ನ ಯೋಚಿಸಬೇಕು ಎಂದವರು ಮಾನವಶಾಸ್ತ್ರಜ್ಞರು. ಮಾರ್ಗರೆಟ್ ಲಾಕ್ ಅವರು ಜಪಾನಿನ ಮಹಿಳೆಯರನ್ನು ಮಾತಾಡಿಸಿ 1993ರಲ್ಲಿ ಬರೆದ ಪುಸ್ತಕದಲ್ಲಿ, ಅಲ್ಲಿನವರು ಝಳಕ್ಕಿಂತ ಹೆಗಲ ಬಿಗಿತ, ತಲೆನೋವುಗಳನ್ನು ಹೆಚ್ಚು ಹೇಳಿಕೊಂಡರು ಎಂದು ತೋರಿಸಿದರು. ಅದಕ್ಕೂ ಮೊದಲು, 1975ರಲ್ಲಿ, ಮಾರ್ಶಾ ಫ್ಲಿಂಟ್ ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶದ 483 ರಜಪೂತ ಮಹಿಳೆಯರ ಬಗ್ಗೆ ಬರೆದರು. ಮುಟ್ಟು ನಿಂತದ್ದನ್ನು ಬಿಟ್ಟರೆ ಅವರಲ್ಲಿ ಹೆಚ್ಚಿನವರು ಬೇರೆ ತೊಂದರೆ ಹೇಳಲಿಲ್ಲ. ಮುಟ್ಟು ನಿಂತರೆ ಪರದೆ ಸರಿಯುತ್ತದೆ, ಗಂಡಸರ ಜೊತೆ ಕೂತು ಮಾತಾಡಬಹುದು. ಹೀಗಿರುವಾಗ ಅದು ಶಿಕ್ಷೆಯಲ್ಲ, ಬಹುಮಾನ ಎಂಬುದು ಅವರ ವಿವರಣೆ.

ಈ ವಿವರಣೆಯಲ್ಲಿ ಹುರುಳಿದೆ. ಕರ್ನಾಟಕದಲ್ಲೂ ಮುಟ್ಟಿನ ಮೂರು ದಿನ ಹೊರಗೆ ಕೂತು, ದೇವರ ಕೋಣೆ, ಹಬ್ಬ, ಮದುವೆಗಳಿಂದ ದೂರ ಉಳಿದವಳಿಗೆ ಅದು ನಿಂತದ್ದು ಬಿಡುಗಡೆಯೇ. ಆದರೆ ತೊಂದರೆ ಹೇಳದಿರುವುದಕ್ಕೂ ತೊಂದರೆ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. ಹೇಳಲು ಪದವಿಲ್ಲದ, ಕೇಳಲು ಜನವಿಲ್ಲದ ಕಡೆ ನೋವು ಬೇರೆ ಹೆಸರಿನಲ್ಲಿ ಹೊರಬರುತ್ತದೆ. 'ಕೈಕಾಲು ಸೇದುತ್ತದೆ', 'ಜೀವಕ್ಕೆ ಸಮಾಧಾನವಿಲ್ಲ', 'ಪಿತ್ತ ಹೆಚ್ಚಾಗಿದೆ' ಎಂದು ಹೇಳುವ ಹೆಂಗಸಿಗೆ ವೈದ್ಯರು ನೋವಿನ ಮಾತ್ರೆಯೋ ಶಕ್ತಿಯ ಟಾನಿಕ್ಕೋ ಬರೆದು ಕಳಿಸುತ್ತಾರೆ.

ಕತ್ತರಿಯಿಂದ ಬಂದ ಋತುಬಂಧ

ಅಮೆರಿಕದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51. ಭಾರತದಲ್ಲಿ ಸುಮಾರು 46. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆ ಸಂಸ್ಥೆಯ ಸಂಶೋಧಕರು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಜಾಲಾಡಿ, ನಲವತ್ತು ತುಂಬುವ ಮುನ್ನವೇ ಮುಟ್ಟು ನಿಂತವರ ಸಂಖ್ಯೆ ಕಡೆಗಣಿಸುವಂಥದ್ದಲ್ಲ ಎಂದು 2005ರಲ್ಲಿಯೇ ಎಚ್ಚರಿಸಿದ್ದರು.

ಇದಕ್ಕೆ ಸೇರುವ ಇನ್ನೊಂದು ಸಂಗತಿ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ. 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 3.2 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರಪ್ರದೇಶದಲ್ಲಿ ಅದು ಶೇಕಡ 8.9. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು ಬಿಳಿಸೆರಗು, ಹೊಟ್ಟೆನೋವು ಎಂದು ಹೋದಾಗ ಕ್ಯಾನ್ಸರಿನ ಭಯ ಹುಟ್ಟಿಸಿ ಗರ್ಭಕೋಶ ತೆಗೆದರೆಂಬ ದೂರು 2015ರಲ್ಲಿ ಬೆಳಕಿಗೆ ಬಂತು. 2017ರಲ್ಲಿ ಅವರು ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಬೇರೆ ರಾಜ್ಯಗಳ ಇಂಥದ್ದೇ ದೂರುಗಳ ಮೊಕದ್ದಮೆಯಲ್ಲಿ, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲಿನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಇಲ್ಲಿ ಒಂದು ವಿವರ ಮುಖ್ಯ. ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ನಿಲ್ಲುವುದಿಲ್ಲ. ಆದರೂ ಅಂಡಾಶಯ ತುಸು ಬೇಗ ಸೋಲಬಹುದು. ಜೊತೆಗೆ ಎರಡು ಅಂಡಾಶಯಗಳನ್ನೂ ತೆಗೆದರೆ ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ನಿಧಾನವಾಗಿ ಬರಬೇಕಿದ್ದ ಋತುಬಂಧ ಒಂದೇ ದಿನದಲ್ಲಿ ಬರುತ್ತದೆ. ಮೂವತ್ತೈದರ ಹೆಂಗಸಿಗೆ ಝಳ, ಕೀಲುನೋವು, ಬೇಗನೆ ಸವೆಯುವ ಮೂಳೆ, ಬೇಗನೆ ಬರಬಹುದಾದ ಹೃದ್ರೋಗ. ಹಾರ್ಮೋನು ಮರುಪೂರಣ ಚಿಕಿತ್ಸೆಯ ಅಗತ್ಯ ಯಾರಿಗೆ ಎಲ್ಲರಿಗಿಂತ ಹೆಚ್ಚು ಎಂದರೆ, ಇಂಥವರಿಗೆ. ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ, ಬೇರೆ ಅಡ್ಡಿಯಿಲ್ಲದಿದ್ದರೆ, ಇವರಿಗೆ ಹಾರ್ಮೋನು ಕೊಡಬೇಕೆಂದೇ ವೈದ್ಯಶಾಸ್ತ್ರದ ಸಲಹೆ. 2002ರ ಅಂಕಿಗಳು ಇವರಿಗೆ ಅನ್ವಯಿಸುವುದೇ ಇಲ್ಲ. ಆದರೆ ಹೊಲಿಗೆ ಬಿಚ್ಚಿ ಮನೆಗೆ ಕಳಿಸುವಾಗ ಈ ಮಾತು ಹೇಳುವವರು ಕಡಿಮೆ. ನ್ಯೂಯಾರ್ಕಿನ ಅನುಕೂಲಸ್ಥೆಗೆ ಬೇಡದಿದ್ದರೂ ಸಿಕ್ಕ ಮಾತ್ರೆ, ತಾಂಡಾದ ಹೆಂಗಸಿಗೆ ಬೇಕಿದ್ದರೂ ಸಿಗಲಿಲ್ಲ.

ಕೇಳಬೇಕಾದ ಮಾತುಗಳು

ಈ ಇತಿಹಾಸದಿಂದ ಮನೆಗೆ ಒಯ್ಯಬಹುದಾದದ್ದು ಕೆಲವು ಪ್ರಶ್ನೆಗಳು. ವೈದ್ಯರು ಹಾರ್ಮೋನು ಬರೆದರೆ, ಯಾವ ತೊಂದರೆಗಾಗಿ, ಎಷ್ಟು ದಿನಕ್ಕೆ, ಒಂದೇ ಹಾರ್ಮೋನೋ ಎರಡೋ ಎಂದು ಕೇಳಬೇಕು. ಬೇಡವೆಂದರೆ ಏಕೆ ಬೇಡ, ಬದಲಿಗೆ ಏನಿದೆ ಎಂದು ಕೇಳಬೇಕು. ಗರ್ಭಕೋಶ ತೆಗೆಯಬೇಕೆಂದರೆ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆದು, ಅಂಡಾಶಯ ಉಳಿಸುತ್ತೀರಾ ಎಂದು ಬಾಯಿಬಿಟ್ಟು ಕೇಳಬೇಕು. ಶಸ್ತ್ರಚಿಕಿತ್ಸೆ ಆಗಿಹೋಗಿದ್ದರೆ ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಏನೇನು ತೆಗೆದರೆಂದು ಬರೆದಿರುತ್ತದೆ. ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಅದು ಮತ್ತೆ ಮುಟ್ಟಾದದ್ದು ಎಂದು ಸುಮ್ಮನಿರದೆ ತಕ್ಷಣ ತೋರಿಸಬೇಕು. ಕ್ಯಾನ್ಸರಿನ ಮೊದಲ ಸುಳಿವು ಹಲವು ಸಲ ಅದೇ ಆಗಿರುತ್ತದೆ, ಆಗ ಹಿಡಿದರೆ ಗುಣವಾಗುವ ಸಂಭವ ಬಹಳ.

ಇನ್ನು ಮನೆಯವರಿಗೆ ಒಂದು ಮಾತು. ನಡುರಾತ್ರಿ ಎದ್ದು ಕಿಟಕಿ ತೆರೆದು ನಿಲ್ಲುವ ಹೆಂಡತಿಗೋ ಅಮ್ಮನಿಗೋ ಅತ್ತಿಗೆಗೋ 'ಏನಾಯಿತು' ಎಂದು ಕೇಳಲು ವೈದ್ಯಕೀಯ ಜ್ಞಾನ ಬೇಕಿಲ್ಲ. ಆಕೆ ಬಾಯಿಬಿಟ್ಟು ಹೇಳಿದರೆ ಉಳಿದದ್ದನ್ನು ವೈದ್ಯರು ನೋಡಿಕೊಳ್ಳಬಹುದು.